ಆಸ್ಪತ್ರೆಯಿಂದ ಮನೆಗೆ: ಹೃದಯ ವೈಫಲ್ಯದ ರೋಗಿಗೆ ಪಾಠ ಹೇಳುವವರು ಯಾರು?

ಮೇಗರವಳ್ಳಿಯವರಿಗೆ ದೊಡ್ಡಾಸ್ಪತ್ರೆಗೆ ಎರಡು ದಾರಿ. ಒಂದು, ತೀರ್ಥಹಳ್ಳಿಯ ಜೆ.ಸಿ. ಆಸ್ಪತ್ರೆಯನ್ನು ಹಾದು ಶಿವಮೊಗ್ಗದ ಮೆಗ್ಗಾನ್‌ಗೆ ಹೋಗುವುದು. ಇನ್ನೊಂದು, ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲಾಗಿ ಮಣಿಪಾಲ ಸೇರುವುದು. ಏದುಸಿರು ಬಂದು, ಕಾಲು ಊದಿ, ಅಂಗಾತ ಮಲಗಲಾಗದೆ ಹೋದ ರೋಗಿ ಯಾವ ದಾರಿ ಹಿಡಿದರೂ ಕೆಲವು ದಿನಗಳಲ್ಲಿ ಒಂದೇ ಬಗೆಯಲ್ಲಿ ಮನೆಗೆ ಬರುತ್ತಾನೆ. ಬಾವು ಇಳಿದಿರುತ್ತದೆ, ಉಸಿರು ಸಲೀಸಾಗಿರುತ್ತದೆ, ಕೈಯಲ್ಲಿ ಮಾತ್ರೆಯ ಕವರು ಮತ್ತು ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಚೀಟಿ. ಉಪ್ಪು ಕಮ್ಮಿ ಮಾಡಿ, ನೀರು ಹಿಡಿತದಲ್ಲಿರಲಿ, ಮಾತ್ರೆ ತಪ್ಪಿಸಬೇಡಿ, ತಿಂಗಳು ಬಿಟ್ಟು ಬನ್ನಿ. ಪಾಠ ಅಷ್ಟೇ.

ಈ ಪಾಠ ಹೇಗಿರಬೇಕು, ಯಾರು ಹೇಳಬೇಕು, ಎಲ್ಲಿ ಕೂತು ಹೇಳಬೇಕು, ಹೇಳಿದರೆ ಜೀವ ಉಳಿಯುತ್ತದೆಯೇ ಎಂದು ಮೂವತ್ತು ವರ್ಷಗಳಿಂದ ಹೃದ್ರೋಗ ತಜ್ಞರೂ ದಾದಿಯರೂ ವಾದ ಮಾಡುತ್ತಲೇ ಬಂದಿದ್ದಾರೆ. ಆ ವಾದವನ್ನು ಮಲೆನಾಡಿನ ನೆಲದ ಮೇಲಿಟ್ಟು ನೋಡುವುದು ಈ ಲೇಖನದ ಕೆಲಸ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ರೋಗಿಗೆ ತಿಳಿವಳಿಕೆ ಕೊಡುವುದು ಬೇಕೇ ಬೇಕು. ಆದರೆ ತಿಳಿದದ್ದನ್ನು ಮಾಡಲು ಬೇಕಾದ ಮಾತ್ರೆ, ತಕ್ಕಡಿ, ಕೇಳಿದರೆ ಉತ್ತರಿಸುವ ಒಬ್ಬ ಮನುಷ್ಯ, ಈ ಮೂರನ್ನು ಕೊಡದೆ ಪಾಠ ಮಾತ್ರ ಹೇಳಿ ಕಳಿಸುವುದು ರೋಗಿಯ ತಲೆಗೆ ಜವಾಬ್ದಾರಿ ಕಟ್ಟಿದಂತೆ.

ಮನೆಯಲ್ಲೇ ನಡೆಯುವ ಕಾಯಿಲೆ

ಹೃದಯಾಘಾತ ಒಂದು ಗಳಿಗೆಯ ಘಟನೆ. ಹೃದಯ ವೈಫಲ್ಯ ವರ್ಷಗಟ್ಟಲೆ ಜೊತೆಗಿರುವ ಸ್ಥಿತಿ. ಹಿಂದೆ ಆದ ಹೃದಯಾಘಾತ, ಗಮನಕ್ಕೆ ಬಾರದೆ ಉಳಿದ ರಕ್ತದೊತ್ತಡ, ಚಿಕ್ಕಂದಿನ ಸಂಧಿವಾತ ಜ್ವರದಿಂದ ಕೆಟ್ಟ ಕವಾಟ, ಮದ್ಯ, ಕೆಲವರಲ್ಲಿ ಹೆರಿಗೆ, ಹೀಗೆ ಯಾವುದೋ ಕಾರಣಕ್ಕೆ ಹೃದಯದ ಸ್ನಾಯು ಸೋಲುತ್ತದೆ. ರಕ್ತ ಸಾಲದು ಎಂದು ತಿಳಿದ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಮೊದಲು ಮೈಯಲ್ಲಿ ಸೇರುತ್ತದೆ, ಆಮೇಲೆ ಪಾದದಲ್ಲಿ, ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಎಚ್ಚರವಾಗಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ. ಉಸಿರು ಕಟ್ಟುವ ಮುಂಚೆ ಸಿಗುವ ಸುಳಿವು ಅದು. ಆ ಮೂರು ದಿನ ರೋಗಿ ಇರುವುದು ಮನೆಯಲ್ಲಿ, ವಾರ್ಡಿನಲ್ಲಲ್ಲ.

ನಮ್ಮ ದೇಶದ ಅಂಕಿಗಳು ಸಮಾಧಾನ ತರುವಂಥವಲ್ಲ. 2013ರಲ್ಲಿ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ ದಾಖಲಾದ 1,205 ರೋಗಿಗಳನ್ನು ಹಿಂಬಾಲಿಸಿದಾಗ ಸುಮಾರು ಮೂರರಲ್ಲೊಬ್ಬರು ವರ್ಷದೊಳಗೆ ತೀರಿಕೊಂಡಿದ್ದರು. ಅವರ ಸರಾಸರಿ ವಯಸ್ಸು 61. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳನ್ನು ಸೇರಿಸಿ ಮಾಡಿದ ರಾಷ್ಟ್ರೀಯ ನೋಂದಣಿಯಲ್ಲಿ 90 ದಿನಗಳೊಳಗೆ ಸತ್ತವರು ಶೇ 14. ನೂರಕ್ಕೆ 72 ಮಂದಿಯಲ್ಲಿ ಮೂಲ ಕಾರಣ ಹೃದಯದ ರಕ್ತನಾಳದ ಕಾಯಿಲೆ. ಆಯುಷ್ಮಾನ್ ಭಾರತ ಯೋಜನೆ ಬಿಡುಗಡೆಯ ನಂತರದ ಖರ್ಚನ್ನು ನೋಡಿಕೊಳ್ಳುವುದು 15 ದಿನಗಳ ಮಟ್ಟಿಗೆ. 15ಕ್ಕೂ 90ಕ್ಕೂ ನಡುವಿನ ಆ ಅಂತರದಲ್ಲೇ ನಮ್ಮ ಪ್ರಶ್ನೆ ಇರುವುದು.

ಹಾಸಿಗೆಯಿಂದ ದಾದಿಯವರೆಗೆ

1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಗಿಡದ ಗುಣವನ್ನು ಬರೆದಿಟ್ಟಾಗಿನಿಂದ ಇಪ್ಪತ್ತನೇ ಶತಮಾನದ ನಡುವಿನ ತನಕ ಈ ರೋಗಿಗೆ ವೈದ್ಯರು ಹೇಳುತ್ತಿದ್ದ ಮುಖ್ಯ ಬುದ್ಧಿಮಾತು ಮಲಗಿರು ಎಂಬುದು. 1960ರ ದಶಕದಲ್ಲಿ ಫ್ರುಸಮೈಡ್ ಬಂತು, ನಮ್ಮ ಕಡೆ ನೀರು ಹೋಗುವ ಮಾತ್ರೆ ಎನ್ನುವುದು ಅದನ್ನೇ. 1987ರಲ್ಲಿ ಎನಲಾಪ್ರಿಲ್ ಮಾತ್ರೆ ಸಾವನ್ನು ಮುಂದೂಡುತ್ತದೆ ಎಂದು ಗೊತ್ತಾಯಿತು. ಮಾತ್ರೆಗಳು ಕೆಲಸ ಮಾಡತೊಡಗಿದಂತೆ, ಹಾಗಾದರೆ ರೋಗಿಗಳು ಮತ್ತೆ ಮತ್ತೆ ಆಸ್ಪತ್ರೆಗೆ ಬರುವುದೇಕೆ ಎಂಬ ಪ್ರಶ್ನೆ ಎದ್ದಿತು. ನೋಡಿದರೆ ಅನೇಕರು ಬರುತ್ತಿದ್ದದ್ದು ಮಾತ್ರೆ ಬಿಟ್ಟು, ಉಪ್ಪು ಮೀರಿ, ಅಥವಾ ಲಕ್ಷಣ ಕಂಡೂ ಸುಮ್ಮನಿದ್ದು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ರಿಚ್ ಮತ್ತು ಸಂಗಡಿಗರು 70 ದಾಟಿದ 282 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಾದಿಯೊಬ್ಬರ ಪಾಠ, ಆಹಾರ ತಜ್ಞರ ಸಲಹೆ, ಮಾತ್ರೆಗಳ ಮರುಪರಿಶೀಲನೆ, ಮನೆಗೆ ಭೇಟಿ, ಫೋನು. 1995ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 90 ದಿನಗಳಲ್ಲಿ ಮರುದಾಖಲೆಗಳು 94ರಿಂದ 53ಕ್ಕೆ ಇಳಿದಿದ್ದವು. ಆಸ್ಟ್ರೇಲಿಯಾದಲ್ಲಿ ಸೈಮನ್ ಸ್ಟೀವರ್ಟ್ ಮನೆಭೇಟಿಯನ್ನೇ ನೆಚ್ಚಿ ಇಂಥದೇ ಫಲ ಕಂಡರು. ಮಲಗಿರು ಎಂಬ ಹಳೆಯ ಪಾಠವೂ ತಿರುಗಿತು. 2,331 ರೋಗಿಗಳ ಮೇಲೆ ನಡೆದ 2009ರ ವ್ಯಾಯಾಮದ ಪ್ರಯೋಗ ನಡೆದಾಡುವುದರಿಂದ ಅಪಾಯವಿಲ್ಲ ಎಂದು ತೋರಿಸಿತು. 2011ರಲ್ಲಿ ಮಣಿಪಾಲದಲ್ಲಿ 30 ರೋಗಿಗಳ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ, ವಾರ್ಡಿನಲ್ಲೇ ಶುರುಮಾಡಿ ಮನೆಯಲ್ಲಿ ಮುಂದುವರಿಸಿದ ವ್ಯಾಯಾಮದಿಂದ ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಹೆಚ್ಚಿತು. ಘಾಟಿಯ ಕೆಳಗೆ ನಡೆದ ಈ ಕೆಲಸ ಘಾಟಿಯ ಮೇಲಿನ ಮನೆಗಳಿಗೆ ಇನ್ನೂ ತಲುಪಬೇಕಾಗಿದೆ. ಎದೆ ಕಾಯಿಲೆಯವನು ಅಂಗಳಕ್ಕೂ ಇಳಿಯಬಾರದೆಂದು ಕೂರಿಸಿಡುವ ಪ್ರೀತಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ.

ತಿಳಿದರೆ ಸಾಕೇ?

ಪಾಠದ ಈ ವಾದದಲ್ಲಿ ಮೊದಲ ಪಕ್ಷದವರ ನಂಬಿಕೆ ಸರಳ: ರೋಗಿಗೆ ಗೊತ್ತಿಲ್ಲ, ಗೊತ್ತುಮಾಡಿಸಿದರೆ ಮಾಡುತ್ತಾನೆ. ಇದಕ್ಕೆ ಬಲವಾದ ಸಾಕ್ಷ್ಯ ಮಿಷಿಗನ್ನಿನಿಂದ 2005ರಲ್ಲಿ ಬಂತು. ಬಿಡುಗಡೆಯ ಹೊತ್ತಿಗೆ ದಾದಿಯೊಬ್ಬರು ಎದುರುಬದುರು ಕೂತು ಒಂದು ಗಂಟೆ ಪಾಠ ಹೇಳಿದ್ದಕ್ಕೇ 223 ರೋಗಿಗಳ ಆ ಪ್ರಯೋಗದಲ್ಲಿ ಸಾವು ಅಥವಾ ಮರುದಾಖಲೆಯ ಅಪಾಯ ಆರು ತಿಂಗಳಲ್ಲಿ ಶೇ 35ರಷ್ಟು ತಗ್ಗಿತು. ಒಂದೇ ಒಂದು ಗಂಟೆ! ನಮ್ಮ ಜಿಲ್ಲಾಸ್ಪತ್ರೆಗಳ ವಾರ್ಡಿನಲ್ಲಿ ಒಬ್ಬ ದಾದಿ ನೋಡಿಕೊಳ್ಳುವ ಹಾಸಿಗೆಗಳನ್ನು ಕಂಡವರಿಗೆ ಆ ಒಂದು ಗಂಟೆ ಎಷ್ಟು ದುಬಾರಿ ಎಂದು ಗೊತ್ತು.

ಎರಡನೆಯ ಪಕ್ಷ ಹೇಳುವುದು ಬೇರೆ. ಅಮೆರಿಕದ ದಾದಿ-ಸಂಶೋಧಕಿ ಬಾರ್ಬರಾ ರೀಗಲ್ ಮತ್ತು ವಿಕ್ಟೋರಿಯಾ ಡಿಕ್ಸನ್ 2008ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ತನ್ನ ಆರೈಕೆ ತಾನೇ ಮಾಡಿಕೊಳ್ಳುವುದು ಒಂದು ನಿರ್ಣಯಶಕ್ತಿ. ದಿನಚರಿ ಪಾಲಿಸುವುದು ಒಂದು, ಬದಲಾವಣೆ ಗುರುತಿಸುವುದು ಇನ್ನೊಂದು, ಗುರುತಿಸಿ ಕೈಗೊಳ್ಳುವ ಕ್ರಮ ಮತ್ತೊಂದು. ಕಾಲು ಊದಿದೆ ಎಂದು ಎಲ್ಲರಿಗೂ ಕಾಣುತ್ತದೆ. ನಾಟಿ ಗದ್ದೆಯಲ್ಲಿ ದಿನವಿಡೀ ನಿಂತಿದ್ದಕ್ಕೋ, ಹೃದಯ ಸೋಲುತ್ತಿರುವುದಕ್ಕೋ ಎಂದು ತೀರ್ಮಾನಿಸುವುದು ಅನುಭವ ಬೇಡುವ ಕೆಲಸ. ಮಾಹಿತಿ ಹಾಳೆಯಿಂದ ಅದು ಬರುವುದಿಲ್ಲ. ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಬೇಕಾದ ದಿನ ದಾರಿಯಲ್ಲಿ ಮೂತ್ರಕ್ಕೆ ಅವಸರವಾಗುತ್ತದೆಂದು ನೀರಿನ ಮಾತ್ರೆ ಬಿಡುವ ಹೆಂಗಸಿಗೆ ತಿಳಿವಳಿಕೆಯ ಕೊರತೆ ಇಲ್ಲ. ಬೆಳಗಿನ ಬದಲು ಮನೆಗೆ ಮರಳಿದ ಮೇಲೆ ನುಂಗಿದರೂ ಆದೀತು ಎಂದು ಯಾರೂ ಅವಳಿಗೆ ಹೇಳಿಲ್ಲ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಮಾತ್ರೆ ಉಪ್ಪು-ನೀರನ್ನು ಮೈಯಲ್ಲಿ ನಿಲ್ಲಿಸುತ್ತದೆ ಎಂಬುದನ್ನಂತೂ ಹೇಳುವವರು ಕಡಿಮೆ.

ಆದರೆ ಈ ಎರಡೂ ಪಕ್ಷಗಳಿಗೆ ದೊಡ್ಡ ಪ್ರಯೋಗಗಳು ಪೆಟ್ಟು ಕೊಟ್ಟವು. 2008ರಲ್ಲಿ ನೆದರ್ಲೆಂಡ್ಸ್‌ನ 1,023 ರೋಗಿಗಳ ಪ್ರಯೋಗದಲ್ಲಿ ದಾದಿಯರು ಹದಿನೆಂಟು ತಿಂಗಳು ಹಿಂಬಾಲಿಸಿದರೂ ಸಾವು-ಮರುದಾಖಲೆ ಒಟ್ಟಾಗಿ ಗಣನೀಯವಾಗಿ ತಗ್ಗಲಿಲ್ಲ. 2010ರಲ್ಲಿ ಷಿಕಾಗೋದ 902 ರೋಗಿಗಳಲ್ಲಿ ಬರೀ ಪಾಠ ಪಡೆದವರಿಗೂ ಕೌಶಲ ತರಬೇತಿ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹತ್ತು ಆಸ್ಪತ್ರೆಗಳ 2,494 ರೋಗಿಗಳ ಪ್ರಯೋಗದಲ್ಲಿ ಇದನ್ನೆಲ್ಲ ಸೇರಿಸಿ ಕೊಟ್ಟಾಗಲೂ ಅದೇ ಕಥೆ. ಇಪ್ಪತ್ತು ಪ್ರಯೋಗಗಳ 5,624 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ಸ್ವಲ್ಪ ಸಮಾಧಾನ ತಂದಿತು: ಹೃದಯ ವೈಫಲ್ಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ. ಅದೇ ವಿಶ್ಲೇಷಣೆ ಒಂದು ಆತಂಕವನ್ನೂ ಬಿಟ್ಟುಹೋಯಿತು. ಮಧ್ಯಮ ಅಥವಾ ತೀವ್ರ ಖಿನ್ನತೆಯಲ್ಲಿದ್ದವರಿಗೆ ನಿನ್ನ ಆರೈಕೆ ನೀನೇ ಮಾಡಿಕೋ ಎಂದು ಕಲಿಸಿದಾಗ ಅವರ ಬದುಕುಳಿಯುವ ಸಾಧ್ಯತೆ ಇನ್ನಷ್ಟು ಕುಂದಿತ್ತು. ಮಕ್ಕಳೆಲ್ಲ ಬೆಂಗಳೂರು ಸೇರಿ, ಅಡಿಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಇಬ್ಬರೇ ಮುದುಕರು ಉಳಿದಿರುವ ಮಲೆನಾಡಿನಲ್ಲಿ ಇದನ್ನು ಓದಿದಾಗ ನನಗೆ ಕಳವಳವಾಗುತ್ತದೆ.

ಈ ಸೋಲುಗಳಿಗೆ ಒಂದು ವಿವರಣೆ ಇದೆ, ನನಗದು ಸರಿಯೆನಿಸುತ್ತದೆ. ಆ ದೇಶಗಳಲ್ಲಿ ಪ್ರಯೋಗದ ಹೊರಗಿದ್ದ ರೋಗಿಗೂ ಸಾಮಾನ್ಯ ಚಿಕಿತ್ಸೆ ಆಗಲೇ ಚೆನ್ನಾಗಿತ್ತು. ಮೇಲೆ ಸೇರಿಸಿದ್ದಕ್ಕೆ ಕೆಲಸ ಉಳಿದಿರಲಿಲ್ಲ. ಅಮೆರಿಕದಲ್ಲೇ 605 ರೋಗಿಗಳ ಮೇಲೆ ಡೆವಾಲ್ಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಾರೆ ವ್ಯತ್ಯಾಸ ಇರಲಿಲ್ಲ, ಆದರೆ ಓದು-ಬರಹ ಕಡಿಮೆ ಇದ್ದವರಿಗೆ ಒಂದೇ ಸಲದ ಪಾಠಕ್ಕಿಂತ ಮತ್ತೆ ಮತ್ತೆ ಫೋನಿನಲ್ಲಿ ಹೇಳಿದ ಪಾಠ ಹೆಚ್ಚು ಉಪಯೋಗಕ್ಕೆ ಬಂತು. ಪಾಠ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಹೆಚ್ಚು ಫಲಿಸುತ್ತದೆ ಎಂದು ಇದರಿಂದ ತಿಳಿಯಬಹುದು.

ಫೋನು, ಯಂತ್ರ, ಮನುಷ್ಯ

ಮೂರನೆಯ ಪಕ್ಷ ದೂರದಿಂದ ನಿಗಾ ಇಡುವವರದು. ಇಲ್ಲಿನ ಎರಡು ಪ್ರಯೋಗಗಳನ್ನು ಒಟ್ಟಿಗೆ ನೋಡಬೇಕು. 2010ರಲ್ಲಿ ಅಮೆರಿಕದ 1,653 ರೋಗಿಗಳ ಪ್ರಯೋಗದಲ್ಲಿ ಅರ್ಧದಷ್ಟು ಮಂದಿ ದಿನಾ ಒಂದು ಸ್ವಯಂಚಾಲಿತ ಫೋನಿಗೆ ಕರೆ ಮಾಡಿ ಗುಂಡಿ ಒತ್ತಿ ತೂಕ, ಲಕ್ಷಣ ತಿಳಿಸಬೇಕಿತ್ತು. ಪ್ರಯೋಜನವಾಗಲಿಲ್ಲ, ಬಹಳ ಮಂದಿ ಕ್ರಮೇಣ ಕರೆ ಮಾಡುವುದನ್ನೇ ಬಿಟ್ಟರು. 2018ರಲ್ಲಿ ಜರ್ಮನಿಯ 1,500ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಬರ್ಲಿನ್ನಿನ ಕೇಂದ್ರದಲ್ಲಿ ವೈದ್ಯರೂ ದಾದಿಯರೂ ಹಗಲುರಾತ್ರಿ ಕೂತು ಬಂದ ಮಾಹಿತಿಗೆ ಆಗಿಂದಾಗಲೇ ಸ್ಪಂದಿಸಿದರು. ಅಲ್ಲಿ ಸಾವು ತಗ್ಗಿತು. ಎರಡರಲ್ಲೂ ತಂತಿ ಇತ್ತು. ಒಂದರ ತುದಿಯಲ್ಲಿ ಮಾತ್ರ ಆಗಿಂದಾಗಲೇ ಸ್ಪಂದಿಸುವ ಮನುಷ್ಯ ಹಗಲುರಾತ್ರಿ ಇದ್ದ.

ಮಳೆಗಾಲದ ಆಗುಂಬೆ ಸೀಮೆಯಲ್ಲಿ ಆ ತಂತಿಯೇ ಅನುಮಾನ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಕಡೆ ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ. ಘಾಟಿಯಲ್ಲಿ ಗುಡ್ಡ ಜರಿದರೆ ಮಣಿಪಾಲದ ದಾರಿ ಮುಚ್ಚುತ್ತದೆ. ಇಂಥ ಊರಿಗೆ ಮೊಬೈಲ್ ಆ್ಯಪ್ ಕೊಟ್ಟು ಕೈತೊಳೆದುಕೊಳ್ಳುವ ಯೋಜನೆ ಜೂನ್ ತಿಂಗಳಿಗೇ ನಿಂತುಹೋದೀತು.

ನಮ್ಮ ದೇಶಕ್ಕೆ ಹತ್ತಿರದ ಉತ್ತರ ಬೆಂಗಳೂರಿನಲ್ಲಿ ಹುಟ್ಟಿತು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 14 ಆಸ್ಪತ್ರೆಗಳಲ್ಲಿ ಹೃದಯಾಘಾತ ಮತ್ತು ಅದರ ಬಳಗದ ಕಾಯಿಲೆಯ 806 ರೋಗಿಗಳನ್ನು ಆಯ್ದು, ಅರ್ಧದಷ್ಟು ಮಂದಿಯ ಮನೆಗೆ ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಕಳಿಸಿದರು. ವರ್ಷದ ಕೊನೆಗೆ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಕಾರ್ಯಕರ್ತರಿದ್ದ ಗುಂಪಿನಲ್ಲಿ ಶೇ 97, ಇಲ್ಲದ ಗುಂಪಿನಲ್ಲಿ ಶೇ 92. ತಂಬಾಕು ಬಿಟ್ಟವರ ಪ್ರಮಾಣದಲ್ಲಿ ಇದಕ್ಕಿಂತ ಬಹಳ ದೊಡ್ಡ ಅಂತರ. ಇದು ಹೃದಯ ವೈಫಲ್ಯದ ಪ್ರಯೋಗವಲ್ಲ, ಸಾವನ್ನು ಅಳೆಯುವಷ್ಟು ದೊಡ್ಡದೂ ಅಲ್ಲ. ಆದರೂ ವೈದ್ಯರಲ್ಲದವರು ಮನೆ ಬಾಗಿಲಲ್ಲಿ ಹೃದಯದ ಪಾಠ ಹೇಳಬಲ್ಲರು ಎಂಬುದು 2016ರಲ್ಲಿ ಪ್ರಕಟವಾದ ಈ ಕೆಲಸದಿಂದ ನಿಶ್ಚಯವಾಯಿತು.

ಮಾತ್ರೆ ಮೊದಲು ಎನ್ನುವವರು

ನಾಲ್ಕನೆಯ ಪಕ್ಷ ಪಾಠದ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. 2022ರಲ್ಲಿ 14 ದೇಶಗಳ 1,078 ರೋಗಿಗಳ ಪ್ರಯೋಗವೊಂದು ಬಿಡುಗಡೆಯಾದ ಎರಡೇ ವಾರಗಳಲ್ಲಿ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ, ಆರು ವಾರ ಅಡಿಗಡಿಗೆ ಪರೀಕ್ಷಿಸಿತು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲೆ ಶೇ 23ರಿಂದ 15ಕ್ಕೆ ಇಳಿಯಿತು. ನಮ್ಮ ರಾಷ್ಟ್ರೀಯ ನೋಂದಣಿಯಲ್ಲಿ ಹೃದಯದ ಪಂಪಿನ ಶಕ್ತಿ ಕುಂದಿದ ರೋಗಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಮಾರ್ಗಸೂಚಿಯ ಔಷಧಗಳು ಸಿಕ್ಕಿದ್ದವು. ಬರೆಯದ ಮಾತ್ರೆಯನ್ನು ತಪ್ಪದೆ ನುಂಗಿ ಎಂದು ಕಲಿಸುವುದು ಹೇಗೆ? ಈ ಪಕ್ಷದ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆಯಿದೆ. ಬೆಲೆಯ ಅಡ್ಡಿಯೂ ಸಡಿಲವಾಗಿದೆ: ಈ ಕಾಯಿಲೆಗೆ ಬರೆಯುವ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್‌ನದು 2023ರಲ್ಲಿ ಭಾರತದಲ್ಲಿ ಮುಗಿದು ದೇಶೀ ಕಂಪನಿಗಳ ಮಾತ್ರೆಗಳು ಅಗ್ಗವಾಗಿ ಬಂದಿವೆ. ಆದರೆ ಆರು ವಾರದಲ್ಲಿ ನಾಲ್ಕು ಸಲ ರಕ್ತಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗಿಬರುವ ದಿನಗೂಲಿಯವನ ಬಸ್ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬರುವವರ ಕೂಲಿ ಯಾವ ಪ್ರಯೋಗದ ಲೆಕ್ಕದಲ್ಲೂ ಇಲ್ಲ.

ಉಪ್ಪಿನ ಪಾಠ ಮತ್ತು ನಮ್ಮ ಅಡುಗೆಮನೆ

ಕಲಿಸಬೇಕೇ ಎಂಬುದರ ಜೊತೆಗೆ ಏನನ್ನು ಕಲಿಸಬೇಕು ಎಂಬುದೂ ಈಗ ವಿವಾದದಲ್ಲಿದೆ. 2022ರಲ್ಲಿ ಆರು ದೇಶಗಳ 806 ರೋಗಿಗಳಲ್ಲಿ ಸೋಡಿಯಂ ಅನ್ನು ದಿನಕ್ಕೆ 1,500 ಮಿಲಿಗ್ರಾಮಿಗಿಂತ ಕೆಳಗಿಳಿಸಲು ಪ್ರಯತ್ನಿಸಿದ ಪ್ರಯೋಗದಲ್ಲಿ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ನೀರನ್ನು ಒಂದೂವರೆ ಲೀಟರಿಗೆ ಮಿತಿಗೊಳಿಸುವ ಹಳೆಯ ನಿಯಮವನ್ನು 2025ರಲ್ಲಿ ನೆದರ್ಲೆಂಡ್ಸ್‌ನ 504 ಸ್ಥಿರ ರೋಗಿಗಳಲ್ಲಿ ಪರೀಕ್ಷಿಸಿದಾಗ ಮಿತಿಯಿಂದ ಆರೋಗ್ಯಕ್ಕೆ ಸ್ಪಷ್ಟ ಲಾಭ ಕಾಣಲಿಲ್ಲ, ಬಾಯಾರಿಕೆಯ ಕಷ್ಟ ಮಾತ್ರ ಹೆಚ್ಚಿತ್ತು.

ಹಾಗಾದರೆ ಉಪ್ಪಿನ ಪಾಠ ಬಿಡಬಹುದೇ? ಇಲ್ಲಿ ಅವಸರ ಕೂಡದು. ಆ ಆರು ದೇಶಗಳಲ್ಲಿ ಭಾರತ ಇರಲಿಲ್ಲ. ಅಲ್ಲಿನ ರೋಗಿಗಳು ಪ್ರಯೋಗದ ಮೊದಲೇ ತಿನ್ನುತ್ತಿದ್ದದ್ದು ದಿನಕ್ಕೆ ಆರು ಗ್ರಾಮಿನೊಳಗಿನ ಉಪ್ಪು. ಭಾರತದ ವಯಸ್ಕರ ಸರಾಸರಿ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಎಂಟು ಗ್ರಾಂ. ಅವರು ಇಳಿದ ಮೆಟ್ಟಿಲು ನಾವು ಇನ್ನೂ ಹತ್ತಿ ನಿಂತಿರುವ ಮೆಟ್ಟಿಲಿಗಿಂತ ಕೆಳಗಿನದು. ಅದರಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಊಟದಲ್ಲಿ ಉಪ್ಪು ಕೂರುವ ಜಾಗ ಬೇರೆ. ಡಬ್ಬಿಯ ತಿಂಡಿ, ಬ್ರೆಡ್ಡು ಬಿಡಿ ಎಂದು ಬರೆದ ಪಾಶ್ಚಾತ್ಯ ಮಾದರಿಯ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು. ಉಪ್ಪುನೀರಿನಲ್ಲಿ ವರ್ಷವಿಡೀ ಕೂರುವ ಅಪ್ಪೆಮಿಡಿ, ಮಳೆಗಾಲಕ್ಕೆಂದು ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಘಟ್ಟದ ಕೆಳಗಿನಿಂದ ಬರುವ ಒಣಮೀನು: ಹೊರಗೆ ಕಾಲಿಡಲಾಗದ ತಿಂಗಳುಗಳಿಗೆ ಹಿರಿಯರು ಕಂಡುಕೊಂಡ ದಾರಿ ಇವು. ಗಂಜಿಯೂಟಕ್ಕೆ ಬೇರೆ ನೆಂಚಿಕೆಯೇ ಇಲ್ಲದ ಕೂಲಿಕಾರನ ಮನೆಯಲ್ಲಿ ಉಪ್ಪಿನಕಾಯಿ ಬಿಡಿ ಎಂದರೆ ಊಟ ಬಿಡಿ ಎಂದಂತೆ. ಬದಲಿಗೆ ಒಂದೆಲಗದ ತಂಬುಳಿ, ಹುಳಿ, ಕಾಳುಮೆಣಸು, ಬೆಳ್ಳುಳ್ಳಿಯಲ್ಲಿ ರುಚಿ ತರುವುದನ್ನು ಹೇಳಿಕೊಡಬಹುದು. ಗಂಜಿಯ ತಿಳಿ, ಕಷಾಯ, ಮಜ್ಜಿಗೆಯೂ ನೀರಿನ ಲೆಕ್ಕಕ್ಕೇ ಸೇರುತ್ತವೆ ಎಂದೂ ಹೇಳಬೇಕು.

ಯಾರಿಗೆ ಹೇಳಬೇಕು? ಅಡುಗೆ ಮಾಡುವವರಿಗೆ. ಬಿಡುಗಡೆಯ ದಿನ ವಾರ್ಡಿನಲ್ಲಿ ಯಜಮಾನನೂ ಬಿಲ್ಲು ಕಟ್ಟುವ ಮಗನೂ ಇರುತ್ತಾರೆ. ಉಪ್ಪು ಹಾಕುವ ಕೈ ಮೇಗರವಳ್ಳಿಯಲ್ಲಿ ದನಕರು ನೋಡಿಕೊಂಡು ಉಳಿದಿರುತ್ತದೆ. ರೋಗಿ ಆಕೆಯೇ ಆಗಿದ್ದರೆ ಇನ್ನೂ ಕಷ್ಟ. ತನಗೊಂದು, ಮನೆಯವರಿಗೊಂದು ಅಡುಗೆಯನ್ನು ಅವಳು ಮಾಡಿಕೊಳ್ಳುವುದಿಲ್ಲ.

ನಮ್ಮಲ್ಲಿ ಆಗಲೇ ಇರುವುದು

ಮನೆಮನೆಗೆ ಆರೋಗ್ಯದ ಪಾಠ ಒಯ್ಯುವುದು ಈ ಸೀಮೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವಿರುದ್ಧ ದಶಕಗಳಿಂದ ಆರೋಗ್ಯ ಸಹಾಯಕರು, ಈಚೆಗೆ ಆಶಾ ಕಾರ್ಯಕರ್ತೆಯರು, ಉಣುಗು ತಡೆಯುವ ಎಣ್ಣೆ ಹಂಚುತ್ತ, ಕಾಡಿಗೆ ಹೋಗುವ ಮುನ್ನ ಹಚ್ಚಿಕೊಳ್ಳುವುದನ್ನು ತೋರಿಸುತ್ತ, ಜ್ವರ ಬಂದವರನ್ನು ಪಟ್ಟಿ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದಾಗ ಊರೂರು ತಿರುಗಿದವರೂ ಇವರೇ. ಯಾವ ಒಂಟಿಮನೆಗೆ ಯಾವ ಸಂಕ ದಾಟಬೇಕೆಂದು ಬಲ್ಲ ಇವರಿಗೆ ಕಾಲಿನ ಬಾವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನು, ತೂಕದ ಚೀಟಿ ಓದುವುದನ್ನು ಕಲಿಸುವುದು ಕಷ್ಟವಲ್ಲ. ಆದರೆ ಈಗಿರುವ ಹೊರೆಯ ಮೇಲೆ ಸಂಬಳವಿಲ್ಲದೆ ಇನ್ನೊಂದು ಹೊರೆ ಹೇರಿದರೆ ಅದು ಅನ್ಯಾಯ, ಮತ್ತು ಕೆಲಸವೂ ಕೆಡುತ್ತದೆ.

ವೈದ್ಯರ ಕಡೆಯಿಂದಲೂ ದಾರಿಗಳಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕರಾವಳಿ-ಮಲೆನಾಡಿನ ಗ್ರಾಮೀಣ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇರಿಸಿ, ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿದ್ದಾರೆ. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಮಾಡಿದೆ. ಎರಡೂ ಹೃದಯಾಘಾತದ ಮೊದಲ ಗಳಿಗೆಗೆಂದು ಹುಟ್ಟಿದವು. ಹಾಗೆ ಉಳಿದ ಜೀವಗಳಲ್ಲಿ ಕೆಲವು ದುರ್ಬಲ ಹೃದಯದೊಂದಿಗೆ ಮನೆಗೆ ಬರುತ್ತವೆ. ಅದೇ ಗುಂಪು, ಅದೇ ಯಂತ್ರ, ಅದೇ ವೈದ್ಯರು ಆ ನಂತರದ ತಿಂಗಳುಗಳನ್ನೂ ನೋಡಿಕೊಳ್ಳಬಾರದೇಕೆ? 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ ಮನೆ ಬಾಗಿಲಿಗೆ ಬಂದಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಹೃದಯ ವೈಫಲ್ಯದ ರೋಗಿಯ ಹೆಸರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಅದೇ ವಾರ ತಲುಪುವಂತಾದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಕನ್ನಡದಲ್ಲಿ ಬರೆದ ಬಿಡುಗಡೆ ಚೀಟಿ, ಒಂದು ತೂಕದ ಯಂತ್ರ, ಇಷ್ಟು ತೂಕ ಏರಿದರೆ ಇಷ್ಟು ಮಾತ್ರೆ ಎಂದು ವೈದ್ಯರು ಸಹಿ ಹಾಕಿಕೊಟ್ಟ ಅನುಮತಿ ಬೇಕು.

ಇನ್ನೂ ತೀರ್ಮಾನವಾಗದ್ದು

ಪಾಠದಿಂದ ಜೀವ ಉಳಿಯುತ್ತದೆಯೇ, ಅಥವಾ ಪಾಠದ ನೆಪದಲ್ಲಿ ಸಿಗುವ ಸಂಪರ್ಕದಿಂದಲೇ ಎಂಬುದನ್ನು ಯಾವ ಪ್ರಯೋಗವೂ ಬೇರ್ಪಡಿಸಿ ತೋರಿಸಿಲ್ಲ. ಎಂಟು ಗ್ರಾಂ ಉಪ್ಪು ತಿನ್ನುವವರನ್ನು ಐದಕ್ಕೆ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಆರು ದೇಶಗಳ ಆ ಪ್ರಯೋಗದಲ್ಲಿ ಉತ್ತರವಿಲ್ಲ. ಮರುದಾಖಲೆಯನ್ನೇ ಯಶಸ್ಸಿನ ಅಳತೆಗೋಲು ಮಾಡಿಕೊಂಡದ್ದೂ ಸಂಶಯಾಸ್ಪದ: ಅಮೆರಿಕ 2012ರಲ್ಲಿ ಮರುದಾಖಲೆ ಹೆಚ್ಚಿದ ಆಸ್ಪತ್ರೆಗಳಿಗೆ ದಂಡ ಹಾಕತೊಡಗಿದ ಮೇಲೆ ಹೃದಯ ವೈಫಲ್ಯದ ರೋಗಿಗಳ ಸಾವು ಏರಿತೇ ಎಂಬ ವಾದ ಅಲ್ಲಿ ಇನ್ನೂ ನಡೆದಿದೆ. ಮಲೆನಾಡಿನಲ್ಲಂತೂ ಆಸ್ಪತ್ರೆಗೆ ಮರಳದವನು ಚೇತರಿಸಿಕೊಂಡನೋ, ಬಸ್ಸಿಗೆ ಕಾಸಿಲ್ಲದೆ ಮನೆಯಲ್ಲೇ ಉಳಿದನೋ ಎಂದು ಆ ಅಂಕಿ ಹೇಳಲಾರದು. ಖಿನ್ನತೆಯಲ್ಲಿರುವವರಿಗೆ ಪಾಠ ಯಾವ ರೂಪದಲ್ಲಿರಬೇಕು, ಜೊತೆಗೆ ಯಾರೂ ಇಲ್ಲದ ಮುದುಕರಿಗೆ ಯಾರು ಹೇಳಬೇಕು ಎಂಬುದು ತೆರೆದ ಪ್ರಶ್ನೆ. ಆಶಾ ಕಾರ್ಯಕರ್ತೆ ನೀರಿನ ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿ ಎಂದು ಹೇಳಬಹುದೇ, ಹೇಳಿ ತೊಂದರೆಯಾದರೆ ಹೊಣೆ ಯಾರದು ಎಂಬುದನ್ನು ಕಾನೂನು, ವೈದ್ಯಕೀಯ ಮಂಡಳಿ, ಆರೋಗ್ಯ ಇಲಾಖೆ ಮೂರೂ ಕೂತು ಬರೆದುಕೊಡಬೇಕು. ಘಾಟಿ ಮುಚ್ಚಿ ಫೋನು ಸತ್ತ ಜುಲೈ ರಾತ್ರಿಯಲ್ಲಿ ತೂಕ ಎರಡು ಕಿಲೋ ಏರಿದ್ದನ್ನು ಕಂಡ ಮನೆಯವರು ಏನು ಮಾಡಬೇಕೆಂಬುದು ಆ ಬರಹದ ಮೇಲೇ ನಿಂತಿದೆ.